ವರದಾ ನಿಲಯದ ಬಿಸಿನೀರು

ವರದಾ ವಿದ್ಯಾರ್ಥಿನಿಯರ ನಿಲಯ, ಹಾವೇರಿ
೧೨ ಜೂನ್ ೨೦೨೪

ಸಿದ್ದೇಶ,

ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ಆರು ತಿಂಗಳಾಯಿತು. ಅಂಚೆಯವನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಬಂದಿಲ್ಲ, ಹಾಗಾಗಿ ಈ ಕಾಗದ ನಿನ್ನ ಕೈಗೆ ಬರುತ್ತದೆ.

ನಿನ್ನೆ ನಮ್ಮ ಹಾಸ್ಟೆಲಿನ ಗೇಟಿಗೆ ನಿಮ್ಮ ಕಂಪನಿಯ ಬೋರ್ಡು ಹೊಡೆದರು. ‘ಇಂಧನ ಉಳಿತಾಯ ನವೀಕರಣ ಕಾಮಗಾರಿ’ ಎಂದು ಹಸಿರು ಅಕ್ಷರ, ಕೆಳಗೆ ರಾಣೆಬೆನ್ನೂರಿನ ವಿಳಾಸ. ನಕಾಶೆ ಹಿಡಿದುಕೊಂಡು ಬಂದವನನ್ನು ಯಾರು ಮಾಡಿದ್ದು ಎಂದು ಕೇಳಿದೆ. ನಿನ್ನ ಹೆಸರು ಹೇಳಿದ. ಕರಪತ್ರ ಅರ್ಧ ಬರೆದಿಟ್ಟು ಎದ್ದು ಹೋದವನಿಗೆ ಇಷ್ಟು ಬೇಗ ಕುರ್ಚಿ ಸಿಕ್ಕಿತೇ?

ಆ ಅರ್ಧ ಕರಪತ್ರದ ವಿಷಯವೂ ಇದೇ ಆಗಿತ್ತು, ನೆನಪಿದೆಯೇ? ‘ಈ ಹೊಗೆ ಯಾರ ಎದೆಗೆ?’ ಹಿತ್ತಲಿನ ಆ ಕಟ್ಟಿಗೆ ಒಲೆ, ಅದರ ಮೇಲೆ ಮನುಷ್ಯ ಕೂರುವಷ್ಟು ದೊಡ್ಡ ಕಬ್ಬಿಣದ ಹಂಡೆ, ಅದರ ಮುಂದೆ ನಸುಕಿನ ನಾಲ್ಕಕ್ಕೇ ಬಂದು ಉರಿ ಹಾಕುವ ಅಗಡಿಯ ಮರಿಯವ್ವ. ಹದಿನೆಂಟು ವರ್ಷದಿಂದ ಅವಳು ಕೆಮ್ಮುತ್ತ ನೀರು ಕಾಯಿಸುತ್ತಾಳೆ, ನೂರಾ ಇಪ್ಪತ್ತು ಹುಡುಗಿಯರು ಮೈ ತೊಳೆದುಕೊಂಡು ಪರಿಸರದ ಮೇಲೆ ಪ್ರಬಂಧ ಬರೆಯಲು ಹೋಗುತ್ತಾರೆ. ಬಂದ ಮೊದಲ ದಿನದಿಂದ ನಾನು ತಣ್ಣೀರಿನ ಜಳಕದವಳು. ಆ ಹೊಗೆಯಲ್ಲಿ ನನ್ನ ಪಾಲಿಲ್ಲ.

ನಾವು ಅಷ್ಟು ಕೂಗಿದಾಗ ಕೇಳದ ಕಿವಿ ಈಗ ಯಾಕೆ ಕೇಳಿಸಿಕೊಂಡಿತು ಗೊತ್ತೇ? ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ತಂಡ ಬರುತ್ತದಂತೆ. ಅವರ ಪಟ್ಟಿಯಲ್ಲಿ ‘ಹಸಿರು ವಸತಿ ನಿಲಯ’ ಎಂದು ಒಂದು ಕಲಮು ಇದೆಯಂತೆ. ಮರಿಯವ್ವನ ಎದೆಗಾಗಿ ಯಾರೂ ಏನೂ ಮಾಡುತ್ತಿಲ್ಲ. ಆ ಕಲಮಿನ ಮುಂದೆ ಗುರುತು ಹಾಕಲು ಮಾಡುತ್ತಿದ್ದಾರೆ. ನೀನು ಆ ಗುರುತಿನ ಶಾಯಿ.

ಒಂದೇ ಮಾತು. ಈ ಕೆಲಸದಲ್ಲಿ ತಪ್ಪಾದರೆ, ತಪ್ಪು ಮಾಡಿದವರ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದು ನಿಲಯದ ಗೋಡೆಗೆ ಹಚ್ಚುತ್ತೇನೆ. ಹಳೆಯ ಸ್ನೇಹ ಅಡ್ಡ ಬರುವುದಿಲ್ಲ.

ನೀಲಾ


ಕುಪ್ಪೇಲೂರು
೨೪ ಜೂನ್ ೨೦೨೪

ನೀಲಾ,

ಕಾಗದ ಮುಟ್ಟಿತು. ನಮ್ಮವ್ವ ಯಾರದೋ ಲಗ್ನದ ಕಾಗದ ಅಂತ ತಿಳಕೊಂಡು ಅರಿಷಿಣದ ಕಲಿ ಹುಡುಕಿದಳು. ಓದಿ ಹೇಳಿದ ಮ್ಯಾಲ ‘ಈ ಹುಡುಗಿ ಇನ್ನೂ ಹಂಗ ಅದಾಳೇನು’ ಅಂದು ರೊಟ್ಟಿ ಬಡಿಯಾಕ ಹೋದಳು.

ನಾನ್ಯಾಕ ಎದ್ದು ಹೋದೆ ಅಂತ ನೀ ಒಮ್ಮೆನೂ ಕೇಳಿಲ್ಲ. ಕೇಳದಿದ್ರೂ ಹೇಳತೇನಿ. ಬ್ಯಾಡಗಿಯೊಳಗ ಹಜರತಅಲಿ ಚಾಚಾನ ಪ್ರೆಸ್ಸಿನ್ಯಾಗ ಮೆಣಸಿನಕಾಯಿ ಚೀಲದ ಲೇಬಲ್ ಹೊಡದು ಉಳಿದ ಹಾಳಿ ಮ್ಯಾಲ ನಾವು ಕರಪತ್ರ ಹೊಡೀತಿದ್ವಿ. ಕಡೀ ಸಲ ಹೊಡದದ್ದು ಐನೂರು. ಎಂಟು ದಿನದ ಮ್ಯಾಲ ಅದ ಪ್ಯಾಟ್ಯಾಗ ಒಬ್ಬ ಅಂಗಡಿಯಾವ ನನಗ ಖಾರಪುಡಿ ಕಟ್ಟಿಕೊಟ್ಟ, ನಮ್ಮ ಕರಪತ್ರದಾಗ. ನಾ ಬರದ ಸಾಲು ಮ್ಯಾಲ ಖಾರ ಸೋರಾಕತ್ತಿತ್ತು. ಅವತ್ತ ನನಗ ಅನಸ್ತು, ಮಂದಿಗೆ ಹೇಳೂದು ಸಾಕು, ಒಂದು ಪೈಪು ಹಚ್ಚಿ ನೀರು ಬರೂದು ನೋಡೂನು ಅಂತ. ನಿನಗದು ಸಣ್ಣ ಕೆಲಸ ಅನಸಬಹುದು.

ಈಗ ಕೆಲಸದ ಮಾತು. ಮಾಳಿಗಿ ಮ್ಯಾಲ ಸೋಲಾರ್ ಹಚ್ಚಾಕ ಎಷ್ಟು ಲೀಟರಿನ ಟ್ಯಾಂಕು ಅನ್ನೂದು ಗೊತ್ತಾಗಬೇಕು. ಸಾಹೇಬ್ರು ಬೆಂಗಳೂರಿಂದ ಬಂದ ಒಂದು ಪಟ್ಟಿ ಕೊಟ್ಟಾರ. ಅದನ್ನ ಬರದಾವ್ರು ಹಾವೇರಿ ಬಚ್ಚಲ ನೋಡಿದಾವ್ರಲ್ಲ. ನನಗ ಖರೇ ಲೆಕ್ಕ ಬೇಕು. ಸೋಮವಾರದಿಂದ ಐತವಾರದ ತನಕ ಏಳು ದಿನ, ಒಲಿ ಹತ್ತಿರ ಕುಂತು, ಎಷ್ಟು ಬಕೀಟು ಹೋಗತಾವ ಬರಕೊಂಡು ಕಳಸು. ಗಂಡಸು ಅಂತ ನನ್ನ ಒಳಗ ಬಿಡಂಗಿಲ್ಲ. ಮರಿಯವ್ವಗ ಕೇಳು, ಆಕಿಗೆ ಎಲ್ಲಾ ಗೊತ್ತಿರತೈತಿ.

ಇನ್ನೊಂದು. ಕಾಮಗಾರಿ ಪಟ್ಟಿಯೊಳಗ ಒಲಿ ಒಡಿಯೂದಕ್ಕ ಒಂದು ಸಾಲು ಐತಿ. ಒಲಿ ಮುಂದ ಕುಂತಾಕಿಗೆ ಸಾಲು ಇಲ್ಲ. ಇದು ನಿನ್ನ ಕರಪತ್ರದಾಗೂ ಇರಲಿಲ್ಲ, ನನ್ನ ನಕಾಶೆದಾಗೂ ಇಲ್ಲ.

ಸಿದ್ದೇಶ


ಹಾವೇರಿ
೭ ಜುಲೈ ೨೦೨೪

ಸಿದ್ದೇಶ,

ನಿನ್ನ ಲೆಕ್ಕ ಇದರ ಜೊತೆಗಿದೆ, ನನ್ನ ಸಹಿಯೊಂದಿಗೆ. ಏಳು ದಿನ ಕೂರಲು ನಾನು ನಿನ್ನ ಕಂಪನಿಯ ನೌಕರಳಲ್ಲ. ಮೂರು ದಿನ ಎಣಿಸಿದೆ. ನಡುವೆ ಒಂದು ದಿನ ಬೆಳಿಗ್ಗೆಯೇ ಬ್ಯಾಡಗಿಗೆ ಹೋಗಬೇಕಾಯಿತು, ಹಜರತಅಲಿ ಚಾಚಾನ ಪ್ರೆಸ್ಸಿಗೆ. ಹೌದು, ಖಾರಪುಡಿ ಕಟ್ಟುವ ಹಾಳೆಗಳನ್ನು ನಾನಿನ್ನೂ ಅಚ್ಚು ಹಾಕಿಸುತ್ತಿದ್ದೇನೆ. ಒಬ್ಬ ಅಂಗಡಿಯವನು ಓದಲಿಲ್ಲವೆಂದು ಬರೆಯುವುದನ್ನೇ ಬಿಟ್ಟವನು ಮೊದಲಾದರೂ ಯಾಕೆ ಬರೆದ ಎಂದು ನಾನು ಕೇಳಬೇಕು.

ಮೂರು ದಿನವೂ ಒಂದೇ ಅಂಕಿ. ಹುಡುಗಿಗೆ ಒಂದು ಬಕೀಟು, ಹದಿನೈದು ಲೀಟರು. ಅದಕ್ಕೆ ತಣ್ಣೀರು ಬೆರೆಸಿಕೊಳ್ಳುತ್ತಾರೆ. ಒಟ್ಟು ಸಾವಿರದ ಎಂಟುನೂರು. ನೀನು ಎರಡು ಸಾವಿರ ಎಂದು ಹಾಕು. ಇದರಲ್ಲಿ ಇನ್ನೂ ನಾಲ್ಕು ದಿನ ನೋಡಲು ಏನಿದೆ? ಮನುಷ್ಯನ ಮೈ ವಾರಕ್ಕೊಮ್ಮೆ ಉದ್ದವಾಗುತ್ತದೆಯೇ?

ಮರಿಯವ್ವನನ್ನೂ ಕೇಳಿದೆ. ಯಾವ ವಾರಕ್ಕೆ ಎಷ್ಟು, ಅಮಾಸಿಗೆ ಎಷ್ಟು, ಶ್ರಾವಣಕ್ಕೆ ಎಷ್ಟು ಎಂದು ಪುರಾಣ ತೆಗೆದಳು. ಪಂಚಾಂಗ ಬೇಡ, ಬಕೀಟು ಹೇಳು ಎಂದೆ. ‘ಹಂಗಾರ ನೀನ ಎಣಿಸವ್ವ’ ಎಂದು ಕಟ್ಟಿಗೆ ಮುರಿಯಲು ಹೋದಳು. ಹದಿನೆಂಟು ವರ್ಷ ಹೊಗೆ ಕುಡಿದವಳಿಗೆ ಬಿಡುಗಡೆ ತರುತ್ತಿದ್ದೇವೆ, ಅವಳಿಗೆ ಅದರ ಗುರುತೇ ಇಲ್ಲ.

ಅವಳ ಸಾಲಿನ ಚಿಂತೆ ನಿನಗೆ ಬೇಡ. ಎಂಬತ್ತಮೂರು ಹುಡುಗಿಯರ ಸಹಿ ಮಾಡಿಸಿ ವಾರ್ಡನ್ ದ್ರಾಕ್ಷಾಯಿಣಿ ಮೇಡಂ ಮುಂದೆ ಇಟ್ಟೆ. ಒಲೆ ಹೋದ ಮೇಲೆ ಸೋಲಾರ್ ನೋಡಿಕೊಳ್ಳಲು ಮರಿಯವ್ವನನ್ನೇ ಇಟ್ಟುಕೊಳ್ಳುವುದಾಗಿ ಮೇಡಂ ಒಪ್ಪಿದ್ದಾರೆ. ಮನವಿಗೆ ಬಗ್ಗದ ಜನ ಸಹಿಗೆ ಬಗ್ಗುತ್ತಾರೆ. ಇದನ್ನು ಯಾವ ಪೈಪೂ ಮಾಡುವುದಿಲ್ಲ.

ನೀಲಾ


ರಾಣೆಬೆನ್ನೂರು
೧೫ ಜುಲೈ ೨೦೨೪

ನೀಲಾ,

ಯಾವ ಮೂರು ದಿನ? ಹಾಳಿ ಮ್ಯಾಲ ತಾರೀಖು ಇಲ್ಲ.

ಸಾಹೇಬ್ರಿಗೆ ನಿನ್ನ ಅಂಕಿ ಭಾಳ ಪಸಂದ್ ಆಗೈತಿ. ಬೆಂಗಳೂರು ಪಟ್ಟಿಗಿಂತ ಕಡಿಮಿ ಬಂತಂತ. ಲಗೂ ನಕಾಶೆ ಮುಗಸು ಅಂತಾರ. ನಾ ಎರಡು ಸಾವಿರ ಹಾಕೇನಿ. ಮನಸಿಗೆ ಬರವಲ್ದು, ಆದ್ರೂ ಹಾಕೇನಿ.

ಒಲಿ ಈಗ ಒಡಿಯೂದು ಬ್ಯಾಡ, ಒಂದು ಥಂಡಿಗಾಲ ದಾಟಲಿ ಅಂತ ಬರದುಕೊಟ್ಟಿದ್ದೆ. ನಿಮ್ಮ ಮೇಡಂ ಒಪ್ಪವಲ್ರು. ಫೋಟೋದಾಗ ಒಲಿ ಬರಬಾರದಂತ. ನೀನು ಒಂದು ಮಾತು ಹೇಳಿದ್ರ ಕೇಳತಾರೇನೋ.

ವಾರ್ಡನ್ ಒಪ್ಪಿದ್ದು ಬರದು ಕೊಟ್ಟಾರೇನು, ಬಾಯಿ ಮಾತೇನು?

ಸಿದ್ದೇಶ


ಹಾವೇರಿ
೬ ನವೆಂಬರ್ ೨೦೨೪

ಸಿದ್ದೇಶ,

ನಾಲ್ಕು ತಿಂಗಳು ನಿನಗೆ ಉತ್ತರಿಸಲಿಲ್ಲ. ಒಲೆ ಉಳಿಸಿಕೊಳ್ಳಿ ಎಂದು ನನ್ನ ಬಾಯಿಂದ ಹೇಳಿಸಲು ಹೊರಟವನಿಗೆ ಏನು ಬರೆಯುವುದು? ಅದು ಒಡೆಯುವ ದಿನ ನಾನು ಎದುರಿಗೇ ನಿಂತು ನೋಡಿದೆ. ಇಬ್ಬರು ಅರ್ಧ ದಿನದಲ್ಲಿ ನೆಲಸಮ ಮಾಡಿದರು. ಹಂಡೆಯನ್ನು ಗುಜರಿಯವನು ಟೆಂಪೊದಲ್ಲಿ ಒಯ್ದ.

ಇವತ್ತು ಉದ್ಘಾಟನೆ ಆಯಿತು. ನೀನು ಬರದೆ ಉಳಿದದ್ದು ಒಳ್ಳೆಯದಾಯಿತು, ನಗು ತಡೆಯುವುದು ಕಷ್ಟವಿತ್ತು. ಒಂದು ನಲ್ಲಿಗೆ ರಿಬ್ಬನ್ನು ಕಟ್ಟಿದ್ದರು. ಬಂದ ದೊಡ್ಡವರು ಮುಕ್ಕಾಲು ಗಂಟೆ ಸೂರ್ಯನನ್ನು ಹೊಗಳಿದರು, ಶಾಮಿಯಾನದ ನೆರಳಲ್ಲಿ ನಿಂತು. ಮಾಳಿಗೆಗೆ ಬಿಳಿ ಬಣ್ಣ ಬಳಿದಿದ್ದಾರೆ, ಅಲ್ಲಿ ಬಟ್ಟೆ ಒಣಹಾಕಬಾರದಂತೆ. ಓದುವ ಕೋಣೆಯಲ್ಲಿ ಹೊಸ ದೀಪ. ಜನ ಅಲುಗಾಡಿದರೆ ಮಾತ್ರ ಉರಿಯುತ್ತದೆ. ಓದುವವರು ಅಲುಗಾಡುವುದಿಲ್ಲ ಎಂಬುದು ಆ ದೀಪ ತಂದವರಿಗೆ ಗೊತ್ತಿಲ್ಲ, ಅವರು ಎಂದೂ ಓದಿದವರಲ್ಲ. ಹತ್ತು ನಿಮಿಷಕ್ಕೊಮ್ಮೆ ನಲವತ್ತು ಹುಡುಗಿಯರು ಕೈ ಎತ್ತಿ ಬೀಸುತ್ತಾರೆ. ಹೊರಗಿನಿಂದ ನೋಡಿದರೆ ಯಾರನ್ನೋ ಬೀಳ್ಕೊಡುವಂತೆ ಕಾಣುತ್ತದೆ.

ಆದರೂ ನೀರು ಕಾದಿದೆ. ಅದನ್ನು ನಾನು ಒಪ್ಪುತ್ತೇನೆ. ಹೊಗೆ ಇಲ್ಲದೆ, ಒಂದು ಕಟ್ಟಿಗೆ ಇಲ್ಲದೆ ಕಾದಿದೆ. ಇದು ನಮ್ಮ ಗೆಲುವು. ನಿಮ್ಮ ಸಾಹೇಬರದಲ್ಲ.

ಫೋಟೋಕ್ಕೆ ಮರಿಯವ್ವನ ಕೈಲಿ ನಲ್ಲಿ ತಿರುಗಿಸಿದರು. ಹೊಸ ಸೀರೆ ಉಟ್ಟುಕೊಂಡು ಬಾ ಎಂದು ಹೇಳಿದ್ದರಂತೆ, ತಂಗಿಯ ಸೀರೆ ಉಟ್ಟು ಬಂದಿದ್ದಳು. ಅವಳು ನೀರಿನ ಕೆಳಗೆ ಕೈ ಹಿಡಿದು, ‘ಕಾದೈತಿ ಬಿಡ್ರಿ. ಎಷ್ಟೈತಿ?’ ಎಂದಳು. ದೊಡ್ಡವರು ನಕ್ಕರು. ನಾನೂ ನಕ್ಕೆ.

ಚಪ್ಪಾಳೆ ಹೊಡೆದವರ ಪೈಕಿ ಅಲ್ಲದ
ನೀಲಾ


ಹಾವೇರಿ
೧೩ ನವೆಂಬರ್ ೨೦೨೪

ಸಿದ್ದೇಶ,

ಶುಕ್ರವಾರ ಬೆಳಿಗ್ಗೆ ಆರೂ ಹತ್ತಕ್ಕೆ ಬಿಸಿನೀರು ನಿಂತಿತು. ಐವತ್ತು ಹುಡುಗಿಯರು ಎಣ್ಣೆ ಸುರಿಯುವ ತಲೆ ಹೊತ್ತು ಬಚ್ಚಲಿನ ಮುಂದೆ ಖಾಲಿ ಬಕೀಟು ಹಿಡಿದು ನಿಂತಿದ್ದರು. ಶನಿವಾರ, ರವಿವಾರ, ಸೋಮವಾರ ಎಲ್ಲ ಸರಿ. ನಿನ್ನೆ ಮಂಗಳವಾರ ಮತ್ತೆ ಅದೇ, ಆರಕ್ಕೇ ಖಾಲಿ. ಹುಡುಗಿಯರು ಕೋಣೆಗಳಲ್ಲಿ ನೀರು ಕಾಯಿಸುವ ಕಾಯಿಲ್ ಹಚ್ಚಿದರು, ಒಂದೇ ಸಲಕ್ಕೆ ಮೂವತ್ತು. ಇಡೀ ನಿಲಯದ ಫ್ಯೂಸು ಸುಟ್ಟು, ಮಧ್ಯಾಹ್ನದ ತನಕ ಕರೆಂಟೇ ಇಲ್ಲ. ಇಂಧನ ಉಳಿಯಿತು ನೋಡು.

ಮೆಸ್ಸಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಬೈದೆ. ಭೌತಶಾಸ್ತ್ರ ಓದುವವರು, ಸಮಾಜಶಾಸ್ತ್ರ ಓದುವವರು, ಒಂದು ಬಕೀಟು ತಣ್ಣೀರಿಗೆ ಹೆದರಿ ಕಾಯಿಲ್ ಹಚ್ಚುತ್ತೀರಲ್ಲ ಎಂದು. ಬ್ಯಾಡಗಿಯ ಅರುಣಾ, ಎರಡನೇ ಮಹಡಿಯವಳು, ತಟ್ಟೆ ಕೆಳಗಿಟ್ಟು ಹೇಳಿದಳು: ‘ನಿನಗೇನವ್ವ, ನಿಂದು ಟವೆಲ್ಲಿಂದ ಒಮ್ಮೆ ಒರಿಸಿದ್ರ ಮುಗೀತು. ನಮ್ಮವು ಮಣಕಾಲಿಗೆ ಬಡಿತಾವು.’ ಎಲ್ಲರೂ ನಕ್ಕರು. ನಾನು ಕೂದಲು ಕತ್ತರಿಸಿಕೊಂಡ ದಿನದಿಂದ ಇವರಿಗೆ ಇದೊಂದೇ ನಗೆ.

ನನ್ನ ಲೆಕ್ಕ ತಪ್ಪಿಲ್ಲ. ಮೂರು ದಿನ ಕಣ್ಣಾರೆ ಎಣಿಸಿದ್ದೇನೆ. ಎರಡು ಸಾವಿರ ಲೀಟರು ಇದ್ದದ್ದು ಹೇಗೆ ಖಾಲಿಯಾಗುತ್ತದೆ? ನಿಮ್ಮ ಕಂಪನಿಯವನು ಬಂದು ನೋಡಿ, ಯಂತ್ರ ಸರಿಯಾಗಿದೆ, ಯಾರೋ ಕೆಳಗಿನ ವಾಲ್ವು ತೆರೆದು ನೀರು ಬಿಟ್ಟಿದ್ದಾರೆ ಎಂದು ಬರೆದುಕೊಟ್ಟು ಹೋದ. ವಾಲ್ವಿನ ಕೀಲಿ ಮರಿಯವ್ವನ ಹತ್ತಿರ ಇರುತ್ತದೆ. ಒಲೆ ಒಡೆದ ಸಿಟ್ಟಿಗೆ ಹೀಗೆ ಮಾಡಿದ್ದಾಳೆ ಎಂದು ಮೇಡಂ ಆಫೀಸಿನಲ್ಲಿ ಎಲ್ಲರೆದುರು ಅಂದರು. ನಿನ್ನ ಎಣಿಕೆ ಸರಿ ಇದೆಯಲ್ಲ ಎಂದು ನನ್ನನ್ನು ಕೇಳಿದರು. ಸರಿ ಇದೆ ಎಂದೆ. ಮರಿಯವ್ವ ನನ್ನನ್ನೇ ನೋಡುತ್ತಿದ್ದಳು.

ನಾಳೆಯಿಂದ ಬರಬೇಡ ಎಂದರು. ಕೀಲಿಯನ್ನು ಮೇಜಿನ ಮೇಲಿಟ್ಟು ಹೋದಳು.

ಅವಳು ಹಾಗೆ ಮಾಡುವವಳೇ? ನನಗೆ ಗೊತ್ತಿಲ್ಲ. ಆದರೆ ನೀರು ಸುಮ್ಮನೆ ಹೋಗುವುದಿಲ್ಲ. ನೀನು ಪೈಪು ಹಚ್ಚುವವನು, ನೀನೇ ಹೇಳು.

ನೀಲಾ


ಕುಪ್ಪೇಲೂರು
೧೮ ನವೆಂಬರ್ ೨೦೨೪

ನೀಲಾ,

ಹಜರತಅಲಿ ಚಾಚಾಗ ಫೋನ್ ಮಾಡಿದ್ದೆ. ಜುಲೈ ತಿಂಗಳದಾಗ ನೀಲಾ ಪ್ರೆಸ್ಸಿಗೆ ಬಂದಿದ್ದು ಯಾವ ವಾರ ಅಂತ ಕೇಳಿದೆ. ‘ಜುಮ್ಮಾ ದಿನಾ. ನಮಾಜಿಗೆ ಹೊಂಟಾವನ್ನ ನಿಂದರಿಸಿ ಅರ್ಧ ತಾಸು ಭಾಷಣಾ ಮಾಡಿದ್ಲು’ ಅಂದ್ರು. ಶುಕ್ರವಾರ ತಪ್ಪಿಸಿದಿ, ಐತವಾರ ನನಗ ಕಾಗದ ಬರದಿ, ಅಂದ್ರ ನೀ ಎಣಿಸಿದ್ದು ಬುಧವಾರ, ಗುರುವಾರ, ಶನಿವಾರ.

ನೀರು ತೀರಿದ್ದು ಶುಕ್ರವಾರ ಮತ್ತ ಮಂಗಳವಾರ.

ನಿನ್ನ ಕಾಗದ ಅವ್ವಗ ಓದಿ ಹೇಳಿದೆ. ಆಕಿ ಅರ್ಧಕ್ಕ ನಿಂದರಿಸಿದಳು. ‘ಹುಡುಗ್ಯಾರು ಮಂಗಳಾರ ಶುಕ್ರಾರ ಎರಕೊಳ್ಳಂಗಿಲ್ಲೇನು? ಅವತ್ತ ನಾ ಒಲಿಗೆ ಎರಡು ಪಾಲು ಕಟಗಿ ಹಾಕತೇನಿ’ ಅಂದಳು. ಅಷ್ಟ. ಇಂಜಿನಿಯರ್ ಬ್ಯಾಡ, ಪಟ್ಟಿ ಬ್ಯಾಡ. ನೂರು ಮಂದಿ ಹುಡುಗ್ಯಾರು ಒಂದ ದಿನ, ಒಂದ ತಾಸಿನ್ಯಾಗ ತಲಿ ಮ್ಯಾಲ ನೀರು ಎರಕೊಂಡ್ರ, ಎಣ್ಣಿ ಹೋಗೂತನಕ ಒಬ್ಬೊಬ್ಬರಿಗೆ ಎರಡೂವರಿ ಬಕೀಟು. ನಾಲ್ಕು ಸಾವಿರ ಲೀಟರಿಗೂ ಸಾಲಂಗಿಲ್ಲ. ನಿನ್ನ ಕಣ್ಣ ಮುಂದ ಎಣ್ಣಿ ತಲಿ ನಿಂತಿದ್ವು, ನೀ ಅದನ್ನ ಕಾಗದದಾಗ ಬರದೂ ಬರದಿ, ನಿನಗ ಕಾಣಸಲಿಲ್ಲ.

ಮರಿಯವ್ವ ಹೇಳಾಕ ಬಂದಿದ್ದು ಇದನ್ನ. ನೀ ಪಂಚಾಂಗ ಅಂದಿ.

ಈಗ ನನ್ನ ಮಾತು ಕೇಳು. ಸಾಹೇಬ್ರು ನಿನ್ನ ಸಹಿ ಇದ್ದ ಹಾಳಿ ಕೇಳಿದ್ರು. ಕಳದೈತಿ ಅಂದೇನಿ. ಅದು ಹೊರಗ ಬಂದ್ರ ಎಲ್ಲಾ ತಪ್ಪು ನಿನ್ನ ಕೊರಳಿಗೆ ಹಾಕಿ ಅವ್ರು ಕೈ ತೊಳಕೋತಾರ. ಮೂರ ದಿನದ ಲೆಕ್ಕ ಅಂತ ಗೊತ್ತಿದ್ದು ನಕಾಶೆ ಮಾಡಿದಾವ ನಾನು, ನನ್ನ ಕೊರಳೂ ಐತಿ. ಸುಮ್ಮನಿರು. ಇನ್ನೊಂದು ಟ್ಯಾಂಕು ಹಚ್ಚೂ ಹಂಗ ನಾ ಒಳಗಿಂದೊಳಗ ನೋಡತೇನಿ. ಒಂದೆರಡು ತಿಂಗಳದಾಗ ಮರಿಯವ್ವನ್ನೂ ಮತ್ತ ಕರಸೂನು.

ಸಿದ್ದೇಶ


ಹಾವೇರಿ
೨೫ ನವೆಂಬರ್ ೨೦೨೪

ಸಿದ್ದೇಶ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಅರ್ಧಕ್ಕೆ ನಿನ್ನ ತಾಯಿಗೆ ಶರಣು. ಕೊನೆಯ ಅರ್ಧ ಓದಿದಾಗ ಕಾಗದ ಹಿಡಿದ ಕೈ ತೊಳೆದುಕೊಳ್ಳಬೇಕು ಅನ್ನಿಸಿತು. ‘ಒಳಗಿಂದೊಳಗ’. ಈ ಊರುಗಳಲ್ಲಿ ಎಲ್ಲ ಕೊಳೆಯುವುದೂ ಒಳಗಿಂದೊಳಗೇ.

ಕಳೆದ ಶುಕ್ರವಾರ ಒಲೆ ಇದ್ದ ಜಾಗದಲ್ಲಿ ನಿಂತು ಎಣಿಸಿದೆ. ನೂರಾ ಇಪ್ಪತ್ತರಲ್ಲಿ ತೊಂಬತ್ತೆಂಟು ತಲೆ. ನಾನು ಇವರ ಜೊತೆ ಒಂದೂವರೆ ವರ್ಷದಿಂದ ಇದ್ದೇನೆ. ಇವರ ಮೂಢನಂಬಿಕೆಯ ಮೇಲೆ ಎರಡು ಕರಪತ್ರ ಬರೆದಿದ್ದೇನೆ. ಯಾವ ವಾರ ಇವರು ತಲೆಗೆ ಎರೆದುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ನಂಬಿಕೆ ಸರಿಯೋ ತಪ್ಪೋ, ನೀರಂತೂ ಅದರ ಪ್ರಕಾರವೇ ಖರ್ಚಾಗುತ್ತದೆ. ಜನರನ್ನು ಉದ್ಧರಿಸಲು ಹೊರಟವರು ಜನರ ಬಕೀಟು ನೋಡಿರುವುದಿಲ್ಲ ಎಂದು ನಾನೇ ಬೇರೆಯವರಿಗೆ ಬೈದು ಬರೆದಿದ್ದೆ.

ಅವತ್ತೇ ಮಧ್ಯಾಹ್ನ ಅಗಡಿಗೆ ಹೋದೆ. ಮರಿಯವ್ವ ಕಟ್ಟೆಯ ಮೇಲೆ ಕೂತು ವ್ಯಾಪಾರಿಯೊಬ್ಬನ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಕೂತುಕೋ ಎನ್ನಲಿಲ್ಲ. ಲೆಕ್ಕ ತಪ್ಪಿದ್ದು ನಾನು ಎಂದೆ. ಹೌದು ಎಂದು ತೊಟ್ಟು ಬಿಡಿಸಿದಳು. ನೀನು ಹೇಳಲು ಬಂದಾಗ ನಾನು ಕೇಳಲಿಲ್ಲ ಎಂದೆ. ಆಗ ಮುಖ ಎತ್ತಿದಳು.

‘ಅವತ್ತ ನನ್ನ ಬಾಯಿ ಮುಚ್ಚಿಸಿದಿ, ಅದಕ್ಕ ಸಿಟ್ಟಿಲ್ಲ. ಕಲಿತವ್ರು ಹಂಗ ಇರತೀರಿ. ಮೇಡಂ ಮುಂದ ನನ್ನ ಹೆಸರು ಬಂದಾಗ ನಿನ್ನ ಬಾಯಿ ಮುಚ್ಚಿತ್ತಲ್ಲ, ಅದಕ್ಕ ಐತಿ.’

ಕೆಲಸ ವಾಪಸು ಕೊಡಿಸುತ್ತೇನೆ ಎಂದೆ. ಕೆಲಸ ಆಮೇಲಿನ ಮಾತು, ಹದಿನೆಂಟು ವರ್ಷ ನೀರು ಕಾಯಿಸಿದವಳು ನೀರು ಕೆಡಿಸಿದಳು ಎಂಬ ಮಾತು ಮೊದಲು ಹೋಗಬೇಕು, ಬಾಯಿ ಮಾತಿನಲ್ಲಿ ಬಂದದ್ದು ಬರವಣಿಗೆಯಲ್ಲಿ ಹೋಗಬೇಕು ಎಂದಳು. ಅಕ್ಷರ ಬಾರದ ಹೆಂಗಸಿಗೆ ಬರೆದ ಮಾತಿನ ಬೆಲೆ ಗೊತ್ತಿದೆ. ಬಾಯಿ ಮಾತೇನು ಎಂದು ಜುಲೈಯಲ್ಲಿ ನೀನೂ ಕೇಳಿದ್ದೆ. ಉತ್ತರ ಕೊಟ್ಟಿರಲಿಲ್ಲ. ಬಾಯಿ ಮಾತೇ ಆಗಿತ್ತು.

ಆದ್ದರಿಂದ ಹೇಳುತ್ತಿದ್ದೇನೆ: ನನ್ನನ್ನು ಉಳಿಸಬೇಡ. ನಿನ್ನ ದಯೆಯ ನೆರಳಲ್ಲಿ ನಾನು ನಿಂತರೆ ಬಿಸಿಲು ಮರಿಯವ್ವನ ಮೇಲೆ ಬೀಳುತ್ತದೆ. ಲೆಕ್ಕ ತಪ್ಪಿದ್ದು ನಾನು ಎಂದು ಬರೆದು ನೋಟಿಸ್ ಬೋರ್ಡಿಗೆ ಹಚ್ಚಿದೆ. ಮೇಡಂ ಕಿತ್ತು ಹಾಕಿದರು. ಮತ್ತೆ ಹಚ್ಚಿದೆ. ಈಗ ಐದು ಜನರ ವಿಚಾರಣಾ ಸಮಿತಿ ಕೂರಿಸಿದ್ದಾರೆ, ಆ ಎಣಿಕೆಯ ಹಾಳೆ ತೋರಿಸು, ಇಲ್ಲದಿದ್ದರೆ ನಿನ್ನ ಮಾತಿಗೆ ಆಧಾರವಿಲ್ಲ ಎನ್ನುತ್ತಾರೆ.

ಹಾಳೆ ಕಳೆದಿಲ್ಲ. ನೀನು ಯಾವುದನ್ನೂ ಕಳೆಯುವವನಲ್ಲ. ಕಳಿಸು.

ನೀಲಾ


ಕುಪ್ಪೇಲೂರು
೨ ಡಿಸೆಂಬರ್ ೨೦೨೪

ನೀಲಾ,

ರಜಿಸ್ಟರ್ ಮಾಡೇನಿ. ಒಳಗ ನಿನ್ನ ಹಾಳಿ ಐತಿ.

ಕೆಳಗ ನಾನೂ ಎರಡು ಸಾಲು ಬರದು ಸಹಿ ಮಾಡೇನಿ: ಇದು ಮೂರು ದಿನದ್ದಷ್ಟ ಅಂತ ಗೊತ್ತಿತ್ತು, ತಾರೀಖು ಕೇಳಿದೆ, ಉತ್ತರ ಬರಲಿಲ್ಲ, ಬರದಿದ್ರೂ ಅದರ ಮ್ಯಾಲ ನಕಾಶೆ ಮಾಡಿದೆ ಅಂತ. ಒಲಿ ಒಂದು ಥಂಡಿಗಾಲ ಇಡ್ರಿ ಅಂತ ನಾ ಬರದುಕೊಟ್ಟಿದ್ದರ ನಕಲು ಐತಿ. ಸಾಹೇಬ್ರಿಗೂ ಹೇಳೇನಿ. ಏನ ಮಾಡತಾರೋ ಮಾಡಲಿ.

ದೊಡ್ಡ ತ್ಯಾಗಾ ಮಾಡಾಕ ಹೊಂಟೇನಿ ಅಂತ ತಿಳಕೋಬ್ಯಾಡ. ನೀನೂ ಮಾಡಾಕತ್ತಿಲ್ಲ. ನೀ ಬರಕೊಳ್ಳಬೇಕಾದ್ದು ಬರಕೊಳ್ಳಲಿಲ್ಲ, ನಾ ತಿರುಗಿ ಕೇಳಬೇಕಾದ್ದು ಕೇಳಲಿಲ್ಲ. ನಡುವ ಆ ಹೆಣ್ಮಗಳು ಸಿಕ್ಕೊಂಡಳು. ಇದಕ್ಕ ಕರಪತ್ರ ಬರೀಬ್ಯಾಡ.

ಒಂದು ಕೇಳೂದೈತಿ. ಸಮಿತಿ ಮುಂದ ಭಾಷಣಾ ಮಾಡಬ್ಯಾಡ. ಹಾಳಿ ಕೊಡು, ವಾರದ ಹೆಸರು ಹೇಳು, ಸುಮ್ಮನ ಕುಂದ್ರು. 

ಸಿದ್ದೇಶ


ಅಗಡಿ
೧೮ ಜನವರಿ ೨೦೨೫

ಸಿದ್ದೇಶ,

ಮೇಲಿನ ವಿಳಾಸ ನೋಡಿ ಗಾಬರಿಯಾಗಬೇಡ. ಉತ್ತರ ಬರೆಯುವುದಿದ್ದರೆ ‘ಮರಿಯವ್ವನ ಮನೆ, ಅಗಡಿ’ ಎಂದು ಬರೆ, ಬರುತ್ತದೆ.

ಸಮಿತಿ ಡಿಸೆಂಬರಿನಲ್ಲಿ ಮೂರು ಸಲ ಕೂತಿತು. ಐವರಲ್ಲಿ ಇಬ್ಬರು ಮೊಬೈಲ್ ನೋಡುತ್ತಿದ್ದರು, ಒಬ್ಬರು ಪ್ರತಿ ಸಲವೂ ನನ್ನ ಹೆಸರು ಕೇಳಿದರು. ನಿನ್ನ ಮಾತಿನಂತೆ ಹಾಳೆ ಕೊಟ್ಟು, ವಾರದ ಹೆಸರು ಹೇಳಿ ಸುಮ್ಮನೆ ಕೂತೆ. ಅರುಣಾ ಮತ್ತು ಮೂವತ್ತು ಹುಡುಗಿಯರು ಬಂದು ತಾವು ಯಾವ ವಾರ ಎರೆದುಕೊಳ್ಳುತ್ತೇವೆ ಎಂದು ಐದು ಜನ ಗಂಡಸರ ಮುಂದೆ ಹೇಳಿಕೆ ಬರೆದುಕೊಟ್ಟರು. ನಾನು ಕರೆದಿರಲಿಲ್ಲ. ಮೊಬೈಲ್ ನೋಡುತ್ತಿದ್ದ ಒಬ್ಬರು ಆಗ ತಲೆ ಎತ್ತಿ, ನಮ್ಮ ಮನೆಯಲ್ಲೂ ಹಾಗೇ ಎಂದರು. ಅಲ್ಲಿಗೆ ತನಿಖೆ ಮುಗಿಯಿತು. ಮನೆಗೆ ಹೋಗಿ ಹೆಂಡತಿಯನ್ನು ಕೇಳಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತು.

ಹೇಳಬಾರದು ಎಂದಿದ್ದೆ, ಕೊನೆಗೆ ಒಂದು ಮಾತು ಹೇಳಿಬಿಟ್ಟೆ. ಇಷ್ಟೆಲ್ಲ ಆಗಿಯೂ ಮರಿಯವ್ವನನ್ನು ಒಳಗೆ ಕರೆದು ಒಂದು ಪ್ರಶ್ನೆ ಕೇಳಲಿಲ್ಲವಲ್ಲ ಎಂದೆ. ಪಕ್ಕದಲ್ಲಿ ಕೂತಿದ್ದ ವಾರ್ಡನ್ ಮೇಡಂ, ಅವಳಿಗೇನು ಗೊತ್ತಾಗುತ್ತದೆ ಎಂದರು. ‘ನಿಮಗಿಂತ ನಾಲ್ಕು ಸಾವಿರ ಲೀಟರು ಹೆಚ್ಚು’ ಎಂದೆ.

ಆದೇಶ ಎರಡು ಬಂದವು. ಮೊದಲನೆಯದರಲ್ಲಿ, ಮರಿಯವ್ವ ಇವರ ಮೇಲಿನ ಆರೋಪ ನಿರಾಧಾರ, ಕೆಲಸಕ್ಕೆ ಹಾಜರಾಗತಕ್ಕದ್ದು. ಎರಡನೆಯದರಲ್ಲಿ, ತಪ್ಪು ಮಾಹಿತಿ ನೀಡಿದ್ದಕ್ಕೆ ಮತ್ತು ಆಡಳಿತವನ್ನು ಅವಮಾನಿಸಿದ್ದಕ್ಕೆ ನೀಲಾ ಇವರನ್ನು ಈ ಶೈಕ್ಷಣಿಕ ವರ್ಷ ಮುಗಿಯುವ ತನಕ ನಿಲಯದಿಂದ ತೆಗೆಯಲಾಗಿದೆ. ನಿಲಯದ ಆವರಣಕ್ಕೂ ಬರಬಾರದು. ತರಗತಿಗೆ ಹೋಗಬಹುದು. ದರ್ಜೆ ಕೊಡುವ ತಂಡ ಒಂದು ಬುಧವಾರ ಬಂದು ನಲ್ಲಿ ತಿರುಗಿಸಿ, ಬಿಸಿನೀರು ನೋಡಿ ಹೋಯಿತಂತೆ. ಅಂಕವೂ ಸಿಕ್ಕಿತು. ಬುಧವಾರ ನೀರಿಗೆ ಏನೂ ಕೊರತೆಯಿಲ್ಲ. ಎರಡನೇ ಟ್ಯಾಂಕಿನ ಪ್ರಸ್ತಾವನೆ ಯಾವುದೋ ಮೇಜಿನ ಮೇಲಿದೆ. ಅಲ್ಲಿಯವರೆಗೆ ಮರಿಯವ್ವ ಮಹಡಿಗೊಂದು ಪಾಳಿ ಹಾಕಿದ್ದಾಳೆ. ಹುಡುಗಿಯರು ಅವಳ ಜೊತೆ ಜಗಳ ಆಡುತ್ತಾರೆ, ಆಡಿ ಪಾಳಿಯಲ್ಲಿ ನಿಲ್ಲುತ್ತಾರೆ.

ಅಪ್ಪ ಐರಣಿಯಿಂದ ಬಂದಿದ್ದ. ಅಲ್ಲಿಂದ ದಿನಾ ಎರಡು ಬಸ್ಸು ಬದಲಿಸಿ ಹಾವೇರಿಗೆ ಬರುವುದು ಆಗದ ಮಾತು, ಓದು ಬಿಟ್ಟು ಬಾ ಎಂದ. ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಮರಿಯವ್ವ ಕೆಲಸ ಮುಗಿಸಿ ಅಗಡಿ ಬಸ್ಸಿಗೆ ಬಂದವಳು ಟ್ರಂಕು ನೋಡಿದಳು, ಅಪ್ಪನನ್ನು ನೋಡಿದಳು. ‘ನಮ್ಮಲ್ಲಿ ಮಲಗಾಕ ಜಾಗಾ ಐತಿರಿ’ ಎಂದು ಅಪ್ಪನಿಗೆ ಹೇಳಿ, ನನ್ನ ಕಡೆ ತಿರುಗಿದಳು. ‘ಭಾಷಣಕ್ಕ ಇಲ್ಲ.’

ನನ್ನ ಮೇಲಿನ ಸಿಟ್ಟು ಹೋಗಿದೆಯೇ ಎಂದು ಕೇಳಿಲ್ಲ. ಹೋಗಿಲ್ಲ ಎಂದುಕೊಂಡಿದ್ದೇನೆ. ರೊಟ್ಟಿ ಬಡಿಸುವಾಗ ಮಾತಾಡುವುದಿಲ್ಲ, ಆದರೆ ಲೆಕ್ಕ ಇಲ್ಲದೆ ಬಡಿಸುತ್ತಾಳೆ. ನಿನ್ನನ್ನು ನಕಾಶೆಯಿಂದ ತೆಗೆದು ಫಿಟ್ಟಿಂಗಿಗೆ ಹಾಕಿದ್ದಾರೆ ಎಂದು ಹಜರತಅಲಿ ಚಾಚಾ ಹೇಳಿದರು. ಅದು ಶಿಕ್ಷೆಯೆಂದು ನಿಮ್ಮ ಸಾಹೇಬರು ತಿಳಿದಿರಬೇಕು. ನಿನ್ನನ್ನು ಅವರು ಇನ್ನೂ ಅರ್ಥ ಮಾಡಿಕೊಂಡಿಲ್ಲ.

ಇವತ್ತು ಬೆಳಿಗ್ಗೆ ಮರಿಯವ್ವ ತನ್ನ ಆದೇಶವನ್ನು ತಂದು ಓದು ಎಂದಳು. ಮೂರು ಸಲ ಓದಿಸಿದಳು. ‘ಇದರಾಗ ನನ್ನ ಹೆಸರು ಎಲ್ಲೈತಿ?’ ಎಂದಳು. ಬೆರಳಿಟ್ಟು ತೋರಿಸಿದೆ. ಅದರ ಮೇಲೆ ತನ್ನ ಹೆಬ್ಬೆರಳು ಸವರಿದಳು, ಶಾಯಿ ಹತ್ತುತ್ತದೆಯೋ ನೋಡುವವಳಂತೆ.

‘ನಿನ್ನ ಹೆಸರು?’

‘ಇದರಾಗ ಇಲ್ಲ. ಇನ್ನೊಂದು ಕಾಗದದಾಗ ಐತಿ.’

‘ತಾ ಅದನ್ನ.’

ಕೊಟ್ಟೆ. ಎರಡನ್ನೂ ಒಂದರೊಳಗೊಂದು ಮಡಚಿ ತನ್ನ ಪೆಟ್ಟಿಗೆಯಲ್ಲಿ, ಸೀರೆಗಳ ಕೆಳಗೆ ಇಟ್ಟು ಚಿಲಕ ಹಾಕಿದಳು. ‘ಐದು ಮಂದಿ ಕುಂತು ಎರಡು ಹಾಳಿ ಬರದಾರ. ನಡಿ, ಬಸ್ಸು ಹೊಕ್ಕೈತಿ.’

ಇಬ್ಬರೂ ಓಡಿ ಬಸ್ಸು ಹಿಡಿದೆವು. ನಿಲಯದ ಗೇಟಿನ ಮುಂದೆ ಅವಳು ಇಳಿದಳು. ತರಗತಿಗೂ ಅದೇ ಸ್ಟಾಪು ಹತ್ತಿರ, ಆದರೆ ಅಲ್ಲಿ ನಾನು ಇಳಿಯುವಂತಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದೆ.

ನೀಲಾ